ಪಾಯಿಂಟರ್ ಗಣಿತ: ಮಾನಕದ ಮೇರೆ ಮತ್ತು ಕಂಪೈಲರಿನ ಮೌನ

ಸಿ ಭಾಷೆಯಲ್ಲಿ ಪಾಯಿಂಟರ್ ಎಂಬುದು ಗಣಕದ ಸ್ಮೃತಿಯೊಳಗಿನ ಒಂದು ವಿಳಾಸವನ್ನು ಹಿಡಿದಿರುವ ಸಾಧನ. ಅದಕ್ಕೆ ಸಂಖ್ಯೆಯನ್ನು ಕೂಡಿಸಿ ಕಳೆದು ಹಿಂದೆ ಮುಂದೆ ಸರಿಯುವ ಕ್ರಮಕ್ಕೆ ಪಾಯಿಂಟರ್ ಗಣಿತವೆಂದು ಹೆಸರು. ಈ ಗಣಿತಕ್ಕೆ ಮೇರೆಯೇನು, ಮೇರೆ ಮೀರಿದಾಗ ಕಂಪೈಲರು ಎಚ್ಚರಿಸುವುದೇ ಎಂಬುದನ್ನು ನಾವಿಲ್ಲಿ ಚರಿತ್ರೆಯ ದೃಷ್ಟಿಯಿಂದ ಸಂಕ್ಷೇಪವಾಗಿ ಪರಿಶೀಲಿಸುವೆವು.

ಕೆನ್ ಥಾಂಪ್ಸನ್ ರಚಿಸಿದ ಬಿ ಭಾಷೆ ಸಿ ಭಾಷೆಯ ಪೂರ್ವಜ. ಅದರಲ್ಲಿ ಮಾಹಿತಿಯ ಪ್ರಕಾರಭೇದಗಳಿರಲಿಲ್ಲ. ವಿಳಾಸವೂ ಒಂದು ಪೂರ್ಣಾಂಕವೇ ಆಗಿದ್ದಿತು. ಬೈಟು ಬೈಟಿಗೂ ವಿಳಾಸವುಳ್ಳ ಪಿಡಿಪಿ-೧೧ ಯಂತ್ರ ಬಂದಮೇಲೆ ಆ ಪದ್ಧತಿ ಸಾಲದಾಯಿತು. ೧೯೭೨ರ ಸುಮಾರಿಗೆ ಡೆನಿಸ್ ರಿಚಿ ರೂಪಿಸಿದ ಸಿ ಭಾಷೆಯಲ್ಲಿ ಪಾಯಿಂಟರಿಗೆ ಒಂದನ್ನು ಕೂಡಿಸಿದರೆ, ಅದು ತೋರುವ ವಸ್ತುವಿನ ಅಳತೆಯಷ್ಟು ಮುಂದೆ ಸರಿಯತೊಡಗಿತು. ೧೯೭೦ರ ದಶಕದ ಕೊನೆಗೆ ಸ್ಟೀಫನ್ ಜಾನ್ಸನ್ ರಚಿಸಿದ ಲಿಂಟ್ ಎಂಬ ಸಾಧನವು ಕಟ್ಟುನಿಟ್ಟಾದ ಪರೀಕ್ಷೆಯನ್ನು ವಹಿಸಿಕೊಂಡಿತು. ಹೀಗೆ ಅನುವಾದಿಸುವ ಕೆಲಸವೂ ಎಚ್ಚರಿಸುವ ಕೆಲಸವೂ ಬೇರೆಬೇರೆಯಾದುವು.

೧೯೮೯ರ ಅಮೆರಿಕನ್ ಮಾನಕ ಮತ್ತು ೧೯೯೦ರ ಅಂತರರಾಷ್ಟ್ರೀಯ ಮಾನಕಗಳು ಮೇರೆಯನ್ನು ಹಾಕಿದುವು. ಪಾಯಿಂಟರು ಒಂದು ಸರಣಿಯೊಳಗೆ, ಹೆಚ್ಚೆಂದರೆ ಅದರ ಕೊನೆಯ ಅಂಶದಿಂದ ಒಂದು ಹೆಜ್ಜೆ ಆಚೆಗೆ ಇರತಕ್ಕದ್ದು. ಅದನ್ನು ಮೀರಿದರೆ ಪರಿಣಾಮ ಅನಿರೂಪಿತ. ಆದರೆ ಅಂತಹ ಕಡೆ ಎಚ್ಚರಿಸಲೇಬೇಕೆಂದು ಮಾನಕವು ಕಂಪೈಲರನ್ನು ಕಟ್ಟುಪಡಿಸಿಲ್ಲ. ಅಳತೆಯೇ ಇಲ್ಲದ ವಾಯ್ಡ್ ಪಾಯಿಂಟರಿಗೆ ಸಂಖ್ಯೆ ಕೂಡಿಸುವುದಾದರೋ ನಿಯಮಭಂಗ. ಅಲ್ಲಿ ಸೂಚನೆ ಕಡ್ಡಾಯ. ಆದರೂ ೧೯೮೭ರಲ್ಲಿ ಮೊದಲು ಹೊರಬಂದ ಜಿಸಿಸಿ ಕಂಪೈಲರು ಆ ಅಳತೆಯನ್ನು ಒಂದೆಂದೆಣಿಸಿ ಸುಮ್ಮನೆ ಮುಂದುವರಿಯುತ್ತದೆ. 'ಪೆಡಾಂಟಿಕ್' ಮೊದಲಾದ ಆಯ್ಕೆಗಳನ್ನು ಕೊಟ್ಟಾಗಲೇ ಎಚ್ಚರಿಸುತ್ತದೆ.

ಮೂರನೆಯ ಸಂದರ್ಭವೊಂದು ಕನ್ನಡಿಗರಿಗೆ ವಿಶೇಷವಾಗಿ ವಿಚಾರಾರ್ಹವಾದುದು. ಅದೇ ಥಾಂಪ್ಸನ್ ಮತ್ತು ರಾಬ್ ಪೈಕ್ ೧೯೯೨ರಲ್ಲಿ ರೂಪಿಸಿದ ಯುಟಿಎಫ್-೮ ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ೩ ಬೈಟುಗಳು. ರಾಣೆಬೆನ್ನೂರು ತಾಲ್ಲೂಕಿನ ತುಂಗಭದ್ರಾತೀರದ ಐರಣಿಯ ಹೆಸರನ್ನೇ ನೋಡೋಣ. ಓದುವವನಿಗೆ ೩ ಅಕ್ಷರ. ಇಕಾರದ ಗುಣಿತಚಿಹ್ನೆ ಬೇರೆಯಾದುದರಿಂದ ಗಣಕಕ್ಕೆ ೪ ಸಂಕೇತ, ೧೨ ಬೈಟು. ಅಂತ್ಯಸೂಚಕ ಶೂನ್ಯ ಸೇರಿ ೧೩. ಪಾಯಿಂಟರನ್ನು ೯ ಬೈಟು ನಡೆಸಿ ಅಲ್ಲಿ ಶೂನ್ಯವನ್ನಿಟ್ಟರೆ ಉಳಿಯುವುದು 'ಐರಣ'. ಮೇರೆ ಮೀರಿಲ್ಲ, ಮಾನಕ ಮುರಿದಿಲ್ಲ, ಎಚ್ಚರಿಕೆಯೂ ಇಲ್ಲ. ಊರಿನ ಹೆಸರು ಮಾತ್ರ ಬೇರೆಯಾಯಿತು.

ಶಿಲಾಶಾಸನದಲ್ಲಿ ಒಂದು ಗುಣಿತ ಅಳಿದರೆ ಕಲ್ಲಿನ ಮೇಲೆ ಸವೆತದ ಗುರುತಾದರೂ ಉಳಿದಿರುತ್ತದೆ. ಇಲ್ಲಿ ಅದೂ ಉಳಿಯದು. ಆದುದರಿಂದ ನಮ್ಮ ದಾಖಲೆಗಳನ್ನು ಗಣಕಕ್ಕೆ ಒಪ್ಪಿಸುವವರು ಕಂಪೈಲರಿನ ಮೌನವನ್ನು ಪ್ರಮಾಣವೆಂದು ಗ್ರಹಿಸದೆ, ಮಾನಕದ ಮೇರೆಯೊಡನೆ ಅಕ್ಷರದ ಮೇರೆಯನ್ನೂ ತಾವೇ ಪರೀಕ್ಷಿಸಿಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ.