ಪಿಚ್ಚರ್ ನೋಡಿ ಬಂದ ಮ್ಯಾಲಿನ ಮಾತು

2025ರ ಶ್ರಾವಣದಾಗ, ಮಂಗಳಗೌರಿ ಪೂಜಾ ಮುಗಿಸಿದ ಮರುದಿನ, ನಮ್ಮ ಮನಿ ಹೆಣಮಕ್ಕಳು ಐದು ಮಂದಿ ಧಾರವಾಡದಿಂದ ಹುಬ್ಬಳ್ಳಿಗೆ ಹೋಗಿ ‘ಸು ಫ್ರಮ್ ಸೋ’ ಪಿಚ್ಚರ್ ನೋಡಿ ಬಂದ್ವಿ. ನಾನು, ನನ್ನ ತಂಗಿ, ನನ್ನ ಸೊಸಿ, ಬಾಜೂ ಮನಿ ವೈನಿ, ಮತ್ತ ಎಂಬತ್ತು ಮುಟ್ಟಿದ ನಮ್ಮ ಕಾಕು. ಕಾಕೂನ ಕೈಲೆ ಅಷ್ಟೊತ್ತು ಕೂಡೋದು ಆಗೂದಿಲ್ಲ, ಬಿಟ್ಟು ಹೋಗೋಣು ಅಂತ ತಂಗಿ ಅಂದ್ಲು. ಕಾಕು ಒಂದು ಮಾತೂ ಆಡ್ಲಿಲ್ಲ. ಒಳಗ ಹೋಗಿ ಇಳಕಲ್ ಸೀರಿ ಉಟಗೊಂಡು ಬಂದು ಪಡಸಾಲ್ಯಾಗ ಕೂತ್ಲು. ಮುಗೀತು, ಮಾತೇ ಇಲ್ಲ.

ಪಿಚ್ಚರ್ ಬಿಟ್ಟು ಹೊರಗ ಬಂದದ್ದೇ ಸುರು ಆತು ನೋಡ್ರಿ. ಸೊಸಿ ಅಂದ್ಲು, ಇಷ್ಟು ನಕ್ಕು ಎಷ್ಟು ದಿವಸ ಆಗಿತ್ತೋ ಅಂತ. ವೈನಿ ಅಂದ್ರು, ಮೊದಲನೇ ಅರ್ಧ ಛಲೋ, ಆಮ್ಯಾಲೆ ಜರಾ ಜಗ್ಗಿದ್ರು. ತಂಗೀಗೆ ಆ ಮಂಗಳೂರು ಕಡಿ ಕನ್ನಡ ಕೇಳಿ ಕೇಳಿ ನಗು ತಡಕೊಳ್ಳಿಕ್ಕೆ ಆಗಿರ್ಲಿಲ್ಲ. ಕಾರ್ನ್ಯಾಗ ನವಲೂರು ದಾಟಿ ಮನಿ ಮುಟ್ಟೋತನಕ ಅದೇ ಮಾತು. ಮನೀಗೆ ಬಂದು ಗಿರಮಿಟ್ ಮಾಡಿ ಚಹಾ ಕುಡದ್ರೂ ಅದೇ ಮಾತು. ಕಾಕು ಒಬ್ಬಾಕಿ ಏನೂ ಅನ್ಲಿಲ್ಲ. ಆಕಿ ಅಂದದ್ದು ರಾತ್ರಿ. ಅದನ್ನ ಕಡೀಗೆ ಹೇಳ್ತೀನಿ.

ಅವತ್ತು ನನಗ ಹೊಳದದ್ದು ಒಂದ. ಪಿಚ್ಚರ್ ಬಗ್ಗೆ ಪುಸ್ತಕ ಬರದಾರ, ಯಾರು ನಟಿಸಿದ್ರು, ಯಾರು ರೊಕ್ಕ ಹಾಕಿದ್ರು, ಎಷ್ಟು ದಿನ ಓಡಿತು ಎಲ್ಲಾ ಬರದಾರ. ಪಿಚ್ಚರ್ ನೋಡಿ ಬಂದು ಹೆಂಗಸರು ಹಿತ್ತಲದಾಗ, ನಳದ ಮುಂದ, ಅಕ್ಕಿ ಆರಿಸ್ಕೋತ ಏನು ಮಾತಾಡಿದ್ರು ಅನ್ನೋದನ್ನ ಬರದಿಟ್ಟವರು ಕಡಿಮಿ. ನಮ್ಮ ಮನ್ಯಾಗ ಕೇಳಿದ್ದಷ್ಟನ್ನರೆ ನಾ ಬರದಿಡ್ತೀನಿ.

‘ಸು ಫ್ರಮ್ ಸೋ’ ಅಂದ್ರ ಸೋಮೇಶ್ವರದ ಸುಲೋಚನಾ. ಯೋಗಾಯೋಗ ನೋಡ್ರಿ, ಕನ್ನಡದಾಗ ತೆರಿಗೆ ಬಂದ ಮೊದಲನೇ ಮಾತಿನ ಪಿಚ್ಚರೂ ಸುಲೋಚನಾಂದೇ. 1934ರ ಮಾರ್ಚದಾಗ ಬೆಂಗಳೂರಾಗ ‘ಸತಿ ಸುಲೋಚನಾ’ ಬಂತು. ನಿರ್ದೇಶನ ವೈ.ವಿ. ರಾವ್ ಅವರದು. ಇಂದ್ರಜಿತ ಆಗಿ ಸುಬ್ಬಯ್ಯ ನಾಯ್ಡು, ರಾವಣ ಆಗಿ ಆರ್. ನಾಗೇಂದ್ರರಾಯರು, ಸುಲೋಚನಾ ಆಗಿ ತ್ರಿಪುರಾಂಬಾ. ತಗದದ್ದು ಮಾತ್ರ ಬೆಂಗಳೂರಾಗ ಅಲ್ಲ, ನಮ್ಮ ಬಾಜೂ ಕೊಲ್ಲಾಪುರದ ಛತ್ರಪತಿ ಸಿನೇಟೋನ್ ಸ್ಟುಡಿಯೋದಾಗ. ರಾಮಾಯಣದಾಗ ಯುದ್ಧ ಗೆದ್ದವರ ಕಥಿ ಎಲ್ಲಾರಿಗೂ ಗೊತ್ತು. ಸೋತವರ ಮನಿ ಸೊಸೀನ್ನ ನಡುವ ನಿಲ್ಲಿಸಿದ ಪಿಚ್ಚರ್ ಅದು. ಅದರ ಪ್ರತಿ ಇವತ್ತು ಉಳದಿಲ್ಲ. ಅದನ್ನ ನೋಡಿ ಬಂದ ಹೆಂಗಸರು ಏನಂದ್ರೋ, ಆ ಮಾತೂ ಅದರ ಕೂಡ ಹೋತು.

ನಮ್ಮ ಅಜ್ಜಿ ಮಾತು ಮಾತ್ರ ನನಗ ಗೊತ್ತದ. ಆಗ ಧಾರವಾಡ ಮುಂಬೈ ಪ್ರಾಂತದಾಗ ಇತ್ತು. ಕನ್ನಡ ಪಿಚ್ಚರೇ ಕಡಿಮಿ, ಮರಾಠಿ ಪಿಚ್ಚರ್ ಭಾಳ. ಅಜ್ಜಿ ಲಗ್ನ ಆಗಿ ಬಂದು ಎರಡು ಮೂರು ವರ್ಷದಾಗ, ನಮ್ಮಪ್ಪ ಇನ್ನೂ ತೊಡಿ ಮ್ಯಾಲಿನ ಕೂಸು ಇದ್ದಾಗ, ಪ್ರಭಾತ ಕಂಪನಿಯವರ ‘ಸಂತ ಸಖು’ ಬಂದಿತ್ತು. 1941ರ ಪಿಚ್ಚರ್ ಅದು. ಸಖೂನ ಪಾತ್ರ ಹಂಸಾ ವಾಡಕರ್ ಮಾಡಿದ್ರು. ದೇವರ ಪಿಚ್ಚರ್ ಅಂದ ಮ್ಯಾಲೆ ಮನಿ ಗಂಡಸರು ಬ್ಯಾಡ ಅನ್ನೂ ಹಂಗ ಇರ್ಲಿಲ್ಲ. ಅಜ್ಜಿ, ಅಜ್ಜೀ ಅತ್ತಿ, ಇಬ್ಬರೂ ಟಾಂಗಾದಾಗ ಹೋದ್ರಂತ.

ಸಖೂನ ಕಥಿ ನಿಮಗ ಗೊತ್ತದ. ಪಂಢರಪುರಕ್ಕ ಹೋಗ್ತೀನಿ ಅಂದ ಸೊಸೀನ್ನ ಅತ್ತಿಮನಿಯವರು ಕಟ್ಟಿ ಹಾಕ್ತಾರ. ವಿಠ್ಠಲ ತಾನೇ ಸಖೂನ ರೂಪ ತಗೊಂಡು ಬಂದು, ಆಕೀನ್ನ ಬಿಡಿಸಿ ಕಳಿಸಿ, ಆಕೀ ಬದಲಿ ಮನಿಗೆಲಸ ಮಾಡ್ಕೋತ ನಿಲ್ತಾನ. ಇದನ್ನ ಸೊಸಿ ಅತ್ತಿ ಬಾಜೂಕ ಕೂತು ನೋಡಬೇಕಲ್ಲಾ! ಅಜ್ಜಿ ಪೂರಾ ಪಿಚ್ಚರ್ ಸೆರಗಿನಾಗ ಬಾಯಿ ಮುಚಗೊಂಡು ಅತ್ತಿದ್ಲಂತ. ತಿರುಗಿ ಬರೋ ಮುಂದ ಟಾಂಗಾದಾಗ ಇಬ್ಬರೂ ಮಾತಿಲ್ಲ. ಮನಿ ಹತ್ರ ಬಂದಾಗ ಅತ್ತಿ ಕೇಳಿದ್ಲಂತ, “ಹೆಂಗಿತ್ತ?” ಅಜ್ಜಿ ಹೆದರಕೋತ ಅಂದ್ಲಂತ, “ವಿಠ್ಠಲನ್ನ ಛಲೋ ತೋರಿಸ್ಯಾರ.” ಅತ್ತಿ ಜರಾ ತಡದು ಅಂದ್ಲಂತ, “ಅತ್ತೀನ್ನೂ ಛಲೋ ತೋರಿಸ್ಯಾರ.”

ಅಷ್ಟ. ಅದರ ಮ್ಯಾಲೆ ಮಾತಿಲ್ಲ. ಆದ್ರ ಆ ವರ್ಷ ನಾಗರಪಂಚಮಿಗೆ ಅಜ್ಜಿ ಕೇಳೂಕಿಂತ ಮೊದಲೇ ಆಕೀ ಅತ್ತಿ ಉಂಡಿ ಕಟ್ಟಿಕೊಟ್ಟು ತವರಿಗೆ ಕಳಿಸಿದ್ಲು. ಇದನ್ನ ಅಜ್ಜಿ ನಮಗ ನೂರು ಸಲ ಹೇಳಿದ್ದಳು, ಪ್ರತಿ ಸಲ ಹೇಳೋ ಮುಂದ ನಗ್ತಿದ್ಲು. “ಅತ್ತಿ ನನ್ನ ಮುಂದ ತಪ್ಪು ಒಪಗೊಳ್ಳಿಲ್ಲ, ಸಖೂನ ಮುಂದ ಒಪಗೊಂಡ್ಲು” ಅಂತಿದ್ಲು.

ಆಮ್ಯಾಲೆ ಕನ್ನಡ ಪಿಚ್ಚರ್ ಹೆಚ್ಚಾದ್ವು. 1954ಕ್ಕ ರಾಜಕುಮಾರರ ‘ಬೇಡರ ಕಣ್ಣಪ್ಪ’ ಬಂತು, 1956ಕ್ಕ ನಾವು ಮೈಸೂರು ರಾಜ್ಯಕ್ಕ ಕೂಡಿದ್ವಿ. ನಮ್ಮ ಮನ್ಯಾಗ ಒಂದು ಪಾಳಿ ಇತ್ತು. ಮನಿ ತುಂಬ ಮಂದಿ, ಎಲ್ಲಾ ಹೆಂಗಸರೂ ಒಮ್ಮೆಲೆ ಹೋದ್ರ ಅಡಿಗಿ ಯಾರು ಮಾಡಬೇಕು? ಅದಕ್ಕ ಒಂದೊಂದು ಪಿಚ್ಚರಿಗೆ ಇಬ್ಬರು. ಹೋದವರು ಬಂದು ಉಳದವರಿಗೆ ಕಥಿ ಹೇಳಬೇಕು. ಬರೇ ಕಥಿ ಹೇಳಿದ್ರ ಸಾಲ್ತಿರ್ಲಿಲ್ಲ. ಯಾವ ಸೀರಿ, ಎಂಥಾ ಜಂಪರ್, ಅಡಿಗಿಮನಿ ಹೆಂಗಿತ್ತು, ಅಳೂ ಜಾಗಾ ಎಲ್ಲಿ, ಎಲ್ಲಾ ಹೇಳಬೇಕು. ನಮ್ಮವ್ವ ಇದರಾಗ ಭಾಳ ಹುಷಾರ್. ಆಕಿ ಹೇಳಿದ್ದು ಕೇಳಿ, ಆಮ್ಯಾಲೆ ಸ್ವತಃ ನೋಡಿದವರು “ನಿನ್ನ ಪಿಚ್ಚರೇ ಛಲೋ ಇತ್ತವಾ” ಅಂತಿದ್ರು.

1967ಕ್ಕ ‘ಬೆಳ್ಳಿಮೋಡ’ ಬಂತು. ಪುಟ್ಟಣ್ಣ ಕಣಗಾಲ್ ಅವರು ಕನ್ನಡದಾಗ ನಿರ್ದೇಶನ ಮಾಡಿದ ಮೊದಲನೇ ಪಿಚ್ಚರ್. ಕಾದಂಬರಿ ತ್ರಿವೇಣಿಯವರದು. ಎಸ್ಟೇಟ್ ಮನಿ ಒಬ್ಬಾಕೇ ಮಗಳು ಇಂದಿರಾ. ಮೋಹನಗ ಆಕೀನ್ನ ಕೊಟ್ಟು ಲಗ್ನ ಅಂತ ಮಾತಾಗಿರ್ತದ. ಆಕೀಗೆ ತಡವಾಗಿ ಒಬ್ಬ ತಮ್ಮ ಹುಟ್ಟತಾನ. ಆಸ್ತಿ ಈಕೀಗೆ ಬರೂದಿಲ್ಲ ಅಂತ ಗೊತ್ತಾದ ಕೂಡಲೇ ಮೋಹನನ ಮನಸು ಹಿಂದ ಸರೀತದ. ಆಮ್ಯಾಲೆ ಅವನಿಗೆ ಪೆಟ್ಟಾದಾಗ ಈಕೀನ ಶುಶ್ರೂಷಾ ಮಾಡ್ತಾಳ, ಅವನಿಗೆ ಬುದ್ಧಿ ಬರ್ತದ, ಲಗ್ನ ಆಗೂಣು ಅಂತಾನ. ಕಲ್ಪನಾ ಒಲ್ಲೆ ಅಂತಾಳ.

ಆ ‘ಒಲ್ಲೆ’ ಮ್ಯಾಲೆ ನಮ್ಮ ಓಣ್ಯಾಗ ತಿಂಗಳಗಟ್ಟಲೆ ಜಗಳ ಆಗಿತ್ತಂತ ಅವ್ವ ಹೇಳ್ತಿದ್ಲು. ಓಣಿ ತುದಿ ಮನಿ ಮೌಶಿ, “ತಪ್ಪು ತಿಳಕೊಂಡು ಬಂದವನ್ನ ಒಲ್ಲೆ ಅಂದ್ರ ಹೆಂಗ? ಮುಂದ ಆಕೀ ಗತಿ ಏನು?” ಅಂತಿದ್ರು. ಅವ್ವಗ ಆಗ ಇಪ್ಪತ್ನಾಲ್ಕು. “ಅವ ತಿಳಕೊಂಡದ್ದು ಕಾಲು ಮುರದ ಮ್ಯಾಲೆ. ಕಾಲು ನೆಟ್ಟಗಾದ ಮ್ಯಾಲೆ ಮತ್ತ ಮರೀತಾನ” ಅಂದಿದ್ಲು. ನಳದ ಮುಂದ ಕೊಡ ತುಂಬಿ ಹರದು ಹೋದ್ರೂ ಮಾತು ಮುಗೀತಿರ್ಲಿಲ್ಲ.

ಇಲ್ಲೆ ಒಂದು ಮಾತು ಹೇಳಬೇಕು. ಆಗ ನಮ್ಮ ಓಣ್ಯಾಗ ಕೊಡೂ ತಗೊಳ್ಳೂ ಮಾತಿನ ಸಲುವಾಗಿ ಮುರದ ಲಗ್ನ ಎರಡು ಇದ್ವು. ಆ ಹುಡಿಗ್ಯಾರೂ ಅಲ್ಲೇ ನೀರಿಗೆ ಬರ್ತಿದ್ರು. ಅವರ ಹೆಸರು ತಗದು ಯಾರೂ ಮಾತಾಡ್ಲಿಲ್ಲ, ಆಡೂ ಹಂಗೂ ಇರ್ಲಿಲ್ಲ. ಎಲ್ಲಾರೂ ಇಂದಿರಾನ ಹೆಸರು ತಗೊಂಡೇ ಮಾತಾಡಿದ್ರು. ಆ ಹುಡಿಗ್ಯಾರು ಸುಮ್ನ ನಿಂತು ಕೇಳಿದ್ರು. ಒಲ್ಲೆ ಅಂದ್ರ ಓಣ್ಯಾಗ ಅರ್ಧಾ ಮಂದಿರೆ ತಮ್ಮ ಕಡೆ ಇರ್ತಾರ ಅಂತ ಅವರಿಗೆ ಅಲ್ಲೇ ಗೊತ್ತಾತು.

ಇನ್ನ ‘ಶರಪಂಜರ’. 1971ರ ಪಿಚ್ಚರ್, ಕಾದಂಬರಿ ಮತ್ತ ತ್ರಿವೇಣಿಯವರದು, ನಿರ್ದೇಶನ ಮತ್ತ ಪುಟ್ಟಣ್ಣನವರದು, ಕಾವೇರಿ ಆಗಿ ಮತ್ತ ಕಲ್ಪನಾ. ನಾ ಆಗ ಹತ್ತು ವರ್ಷದ ಹುಡಿಗಿ. ಇದು ಕೇಳಿದ ಕಥಿ ಅಲ್ಲ, ಕಣ್ಣಾರೆ ನೋಡಿದ್ದು.

ಹಿಂದಿನ ವರ್ಷ ನಮ್ಮ ಕಾಕು ಎರಡನೇ ಬಾಣಂತನ ಮುಗಿಸಿಕೊಂಡು ಬಂದಿದ್ಲು. ಬಾಣಂತನದಾಗ ಆಕೀಗೆ ಏನೋ ಆಗಿತ್ತು. ನಿದ್ದಿ ಇರ್ಲಿಲ್ಲ, ತನ್ನಷ್ಟಕ್ಕ ಮಾತಾಡ್ತಿದ್ಲು, ಕೂಸಿನ್ನ ನೋಡಿ ಹೆದರ್ತಿದ್ಲು. ತವರಾಗ ಔಷಧ ಆತು, ಆರು ತಿಂಗಳದಾಗ ನೆಟ್ಟಗಾಗಿ ಬಂದ್ಲು. ಆಕಿ ನೆಟ್ಟಗಾಗಿದ್ಲು, ನಾವು ಆಗಿರ್ಲಿಲ್ಲ. ಒಲಿ ಮುಂದ ಆಕೀನ್ನ ಒಬ್ಬಾಕೀನ್ನೇ ಬಿಡ್ತಿರ್ಲಿಲ್ಲ. ಈಳಿಗಿಮಣಿ ಎತ್ತಿಡ್ತಿದ್ರು. ಕೂಸಿಗೆ ಎರಿಯೂ ಮುಂದ ಬಾಜೂಕ ಒಬ್ಬರು ನಿಲ್ತಿದ್ರು. ಆಕಿ ಜೋರಾಗಿ ನಕ್ಕರೂ ದೊಡ್ಡವರು ಒಬ್ಬರ ಮಾರಿ ಒಬ್ಬರು ನೋಡ್ತಿದ್ರು. ನಮ್ಮ ಧಾರವಾಡದಾಗ ಇಂಥಾ ಬ್ಯಾನಿಗೆ ಬ್ರಿಟಿಷರ ಕಾಲದಿಂದ ದವಾಖಾನಿ ಅದ. ಆದ್ರ ಆಗ ಅದರ ಹೆಸರು ಓಣ್ಯಾಗ ಬರೇ ಬೈಗುಳಕ್ಕ ಉಪಯೋಗ ಆಗ್ತಿತ್ತು.

‘ಶರಪಂಜರ’ದ ಕಥೀನೂ ಅದೇ. ಕಾವೇರಿಗೆ ಬಾಣಂತನದಾಗ ಬುದ್ಧಿ ಕಲಕತದ, ದವಾಖಾನ್ಯಾಗ ಗುಣ ಆಗಿ ಮನೀಗೆ ಬರ್ತಾಳ. ಮನ್ಯಾಗ ಯಾರಿಗೂ ಆಕೀ ಮ್ಯಾಲೆ ನಂಬಿಕಿ ಇಲ್ಲ. ಆಳು ಮಕ್ಕಳಿಂದ ಹಿಡದು ನೆರಿಮನಿ ತನಕ ಎಲ್ಲಾರೂ ಹುಚ್ಚಿ ಅಂತೇ ನೋಡ್ತಾರ. ಗಂಡ ಬ್ಯಾರೆ ಹೆಂಗಸಿನ ಕೂಡ. ಕಡೀಗೆ ಆಕಿ ಮತ್ತ ಹುಚ್ಚಿ ಆಗೇ ಹೋಗ್ತಾಳ. ತ್ರಿವೇಣಿಯವರು ಮನಃಶಾಸ್ತ್ರ ಓದಿದವರು. 1963ರಾಗ, ಮಗಳನ್ನ ಹಡದು ಹತ್ತು ದಿನಕ್ಕ ತೀರಿಕೊಂಡ್ರು. ತಮ್ಮ ಕಥಿ ಪಿಚ್ಚರ್ ಆದದ್ದನ್ನ ಅವರು ನೋಡಲೇ ಇಲ್ಲ.

ಆ ಪಿಚ್ಚರಿಗೆ ಅವ್ವ, ಅಜ್ಜಿ, ಮೌಶಿ ಎಲ್ಲಾರೂ ಹೋದ್ರು. ಕಾಕೂನ್ನ ಬ್ಯಾಡ ಅಂದ್ರು. “ನಾನೂ ಬರ್ತೀನಿ” ಅಂದು ಆಕೀ ಬಂದ್ಲು. ಮರುದಿನ ಹಿತ್ತಲದಾಗ ಶೀಗಿಕಾಯಿ ಕುಟ್ಟಕೋತ ಮಾತು ಸುರು ಆತು. ಮೊದಲು ಕಲ್ಪನಾನ ಸೀರಿ, ಜಂಪರಿನ ತೋಳು. ಆಮ್ಯಾಲೆ ಮೌಶಿ ಅಂದ್ರು, “ಲಗ್ನಕ್ಕಿಂತ ಮೊದಲ ತಪ್ಪು ಮಾಡಿದ್ಲು, ಅದು ಆಕೀನ್ನ ಕಾಡಿತು. ಇಲ್ಲಾಂದ್ರ ಹಂಗ್ಯಾಕ ಆಗ್ತದ?” ಇನ್ನೊಬ್ಬರು, “ಗಂಡ ಪಾಪ, ಎಷ್ಟಂತ ಸೋಸ್ಯಾನು?” ಅಂದ್ರು. ಯಾರಿಗೂ ಕಾಕು ಅಲ್ಲೇ ಕೂತದ್ದು ನೆನಪಿರ್ಲಿಲ್ಲೋ, ನೆನಪಿದ್ದೇ ಅಂದ್ರೋ, ನನಗ ಇವತ್ತಿಗೂ ತಿಳೀವಲ್ಲದು.

ಕಾಕು ಮೊರದಾಗಿನ ಅಕ್ಕಿಯಿಂದ ತಲಿ ಎತ್ತದೇ ಅಂದ್ಲು, “ಆಕೀಗೆ ಗುಣ ಆಗಿತ್ತರಿ. ಮನಿ ಮಂದೀಗೆ ಗುಣ ಆಗಿರ್ಲಿಲ್ಲ.”

ಕುಟ್ಟೋದು ನಿಂತಿತು. ಮೌಶಿ ಏನೋ ಅನ್ನಲಿಕ್ಕೆ ಹೋಗಿ ಸುಮ್ನಾದ್ರು. ಅಜ್ಜಿ ಎದ್ದು ಒಳಗ ಹೋದ್ಲು. ಸಿಟ್ಟಾದ್ಲೇನೋ ಅಂತ ನಾ ಹೆದರಿದ್ದೆ. ಸ್ವಲ್ಪ ಹೊತ್ತಿಗೆ ಒಳಗಿಂದ ದನಿ ಬಂತು, “ಬಾರವಾ, ಸಾರಿಗೆ ಒಗ್ಗರಣಿ ನೀನೇ ಹಾಕು. ನನಗ ಹೊಗಿ ತಡೀವಲ್ಲದು.” ಅಜ್ಜೀಗೆ ಹೊಗಿ ಎಂದೂ ಕಾಡಿರ್ಲಿಲ್ಲ. ಅವತ್ತಿನಿಂದ ಈಳಿಗಿಮಣಿ ತನ್ನ ಜಾಗಾದಾಗೇ ಇತ್ತು.

ಅಜ್ಜೀ ಅತ್ತಿ ಸಖೂನ ಮುಂದ ಒಪಗೊಂಡಂಗ, ಅಜ್ಜಿ ಕಾವೇರಿ ಮುಂದ ಒಪಗೊಂಡ್ಲು. “ನಿನಗ ತ್ರಾಸು ಕೊಟ್ವಿ” ಅಂತ ಬಾಯಿಬಿಟ್ಟು ಅಂದವರು ನಮ್ಮ ಮನ್ಯಾಗ ಯಾರೂ ಇಲ್ಲ.

1979ಕ್ಕ ಇದೇ ನಮ್ಮ ಬೆಳಗಾವಿ ಜಿಲ್ಲಾದ ಸಂಕೇಶ್ವರದ ಹತ್ರ ಕಲ್ಪನಾ ತೀರಿಕೊಂಡಾಗ ಕಾಕು ಎರಡು ದಿನ ಸರಿಯಾಗಿ ಊಟ ಮಾಡ್ಲಿಲ್ಲ. ಗಂಡಸರು ನಕ್ಕರು. ಹೆಂಗಸರು ಯಾರೂ ನಗಲಿಲ್ಲ.

ಆಮ್ಯಾಲೆ ಟೀವಿ ಬಂತು. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’, ಪ್ರೇಮಾ ಕಾರಂತರು 1983ಕ್ಕ ಮಾಡಿದ್ದು, ನಾವು ನೋಡಿದ್ದು ಟೀವಿಯಾಗೇ. ಮುಗಿದ ಮ್ಯಾಲೆ ಅಜ್ಜಿ ತನ್ನ ಸೋದರತ್ತಿ ಹೆಸರು ಮೊದಲನೇ ಸಲ ಹೇಳಿದ್ಲು. ಸಣ್ಣಾಕಿ ಇದ್ದಾಗೇ ಗಂಡ ಸತ್ತು, ತಲಿ ಬೋಳಿಸಿ, ಕೆಂಪು ಸೀರಿ ಉಡಿಸಿ ಮೂಲ್ಯಾಗ ಕೂಡಿಸಿದ್ದಾಕಿ. ಅಲ್ಲೀತನಕ ಆಕಿ ಇದ್ದಳು ಅನ್ನೋದೇ ನಮಗ ಗೊತ್ತಿರ್ಲಿಲ್ಲ.

ಈಗ ಕಾಕೂನ ಮಾತು. ‘ಸು ಫ್ರಮ್ ಸೋ’ದಾಗ ಅಶೋಕ ಅನ್ನೋ ಹುಡುಗ ತನ್ನ ತಪ್ಪು ಮುಚಗೊಳ್ಳಿಕ್ಕೆ ಮೈಮ್ಯಾಲೆ ದೆವ್ವ ಬಂದಂಗ ನಾಟಕ ಮಾಡ್ತಾನ. ಸೋಮೇಶ್ವರದ ಸತ್ತ ಸುಲೋಚನಾನೇ ಬಂದಾಳ ಅಂತ ಇಡೀ ಊರು ನಂಬತದ. ಅಲ್ಲೀತನಕ ಬರೇ ನಗು. ಆಮ್ಯಾಲೆ ಆ ಸುಲೋಚನಾನ ಮಗಳು ಬರ್ತಾಳ, ಪಿಚ್ಚರ್ ಅಲ್ಲೆ ತಿರುಗತದ. ಇದನ್ನೇ ವೈನಿ ‘ಜಗ್ಗಿದ್ರು’ ಅಂದದ್ದು.

ರಾತ್ರಿ ಕಾಕೂನ ಕಾಲಿಗೆ ಎಣ್ಣಿ ಹಚ್ಚಕೋತ ಕೇಳಿದೆ, “ಕಾಕು, ನಿನಗ ಹೆಂಗನಿಸ್ತ?”

“ಛಲೋ ಅದ. ಆದ್ರ ನೋಡು, ಗಂಡಸು ಹುಡುಗ ಸುಳ್ಳ ಸುಳ್ಳ ಮೈಮ್ಯಾಲೆ ಬಂದದ ಅಂದ್ರ ಊರೆಲ್ಲಾ ಕೈಮುಗದು ಏನು ಬೇಕು ಅಂತ ಕೇಳತದ. ಹೆಂಗಸು ಖರೇನ ಹೆದರಿಕಿ ಆಗ್ತದ ಅಂದ್ರ ಈಳಿಗಿಮಣಿ ಎತ್ತಿಡ್ತಾರ.”

ನಾ ಏನೂ ಅನ್ಲಿಲ್ಲ. ಎಣ್ಣಿ ಹಚ್ಚೋದು ನಿಂತಿತ್ತು. ಸೊಸಿ ಬಾಗಲದಾಗ ನಿಂತು ಕೇಳಿದ್ಲು, ಆಕಿ ಈಗ ಐದು ತಿಂಗಳ ಬಸರಿ. ಒಳಗ ಬಂದು ಕಾಕೂನ ಇನ್ನೊಂದು ಕಾಲು ತನ್ನ ತೊಡಿ ಮ್ಯಾಲೆ ತಗೊಂಡು, “ಅಜ್ಜಿ, ಆವಾಗ ನಿಮಗ ಏನೇನು ಆಗಿತ್ತು, ನನಗ ಸರಿಯಾಗಿ ಹೇಳ್ರಿ” ಅಂದ್ಲು. ಐವತ್ತೈದು ವರ್ಷದಾಗ ಈ ಮಾತನ್ನ ಕಾಕೂಗ ನೇರ ಕೇಳಿದಾಕಿ ಆಕಿ ಒಬ್ಬಾಕಿನೇ. ಕಾಕು ಹೇಳಿದ್ಲು. ರಾತ್ರಿ ಒಂದು ಹೊಡದಿತ್ತು ನಾವು ಮಲಗೋ ಮುಂದ.

ನಿಮ್ಮ ಮನ್ಯಾಗೂ ಇಂಥಾ ಮಾತು ಇದ್ದೇ ಇರ್ತಾವ. ಅವ್ವಗೋ, ಅತ್ತೀಗೋ, ಮೌಶಿಗೋ ಕೇಳ್ರಿ, ಯಾವ ಪಿಚ್ಚರ್ ನೋಡಿ ಭಾಳ ಅತ್ತಿದ್ರು ಅಂತ. ಅವರು ಕಥಿ ಹೇಳಲಿಕ್ಕೆ ಸುರು ಮಾಡಿದ್ರ ನಡುವ ಏಳಬ್ಯಾಡ್ರಿ. ಹಾಲು ಉಕ್ಕಿದ್ರ ಉಕ್ಕಲಿ.