ಮೊದಲ ಗುಂಡಿಗೂ ಮುಂಚಿನ ಪ್ರಶ್ನೆ

ಬಾಯಿಂದ ಮದ್ದು ತುಂಬುವ ಹೊಸ ಕೋವಿ ಕೈಗೆ ಬಂದ ತಕ್ಷಣ ಗುಂಡು ಹಾರಿಸೋ ಹಾಗಿಲ್ಲ. ತುಕ್ಕು ಹಿಡಿಯದಿರಲಿ ಅಂತ ನಳಿಗೆಯೊಳಗೆ ಸವರಿದ ಜಿಡ್ಡನ್ನು ಮೊದಲು ಬಟ್ಟೆಯಿಂದ ಒರೆಸಿ ತೆಗೀಬೇಕು. ಆಮೇಲೆ ಮದ್ದು ಹಾಕದೆ ಒಂದೆರಡು ಕೇಪು ಸಿಡಿಸಬೇಕು. ನಳಿಗೆಯ ಬಾಯಿ ಹತ್ತಿರದ ಹುಲ್ಲು ಅಲುಗಿದರೆ ಕಿಡಿ ಹೋಗುವ ದಾರಿ ತೆರೆದಿದೆ ಎಂದರ್ಥ. ಇಲ್ಲಾಂದ್ರೆ ಉಳಿದ ಎಣ್ಣೆ ಮದ್ದನ್ನು ತೋಯಿಸಿ, ಮೊದಲ ಗುಂಡು ಹಾರೋದೇ ಅನುಮಾನ.

ತಮಾಷೆ ನೋಡಿ, ಇಷ್ಟೆಲ್ಲ ಜಿಡ್ಡು ತೆಗೆದ ಮೇಲೆ ಗುಂಡಿನ ಜೊತೆ ಮತ್ತೆ ಜಿಡ್ಡನ್ನೇ ಒಳಗೆ ಹಾಕಬೇಕು. ಕರಿಮದ್ದು ಉರಿದಾಗ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗದೆ ಘನವಾಗಿಯೇ ಉಳಿಯುತ್ತೆ. ಒಂದಿಷ್ಟು ಹೊಗೆಯಲ್ಲಿ ಹೋಗುತ್ತೆ, ಮಿಕ್ಕಿದ್ದು ಮಸಿಯಾಗಿ ನಳಿಗೆಗೆ ಅಂಟುತ್ತೆ. ಅದನ್ನು ಮೆದುಗೊಳಿಸೋಕೆ ಜಿಡ್ಡಿಲ್ಲದಿದ್ದರೆ ಮುಂದಿನ ಗುಂಡುಗಳು ಕೆಳಗಿಳಿಯೋದು ಕಷ್ಟ.

1857ರ ಆರಂಭದಲ್ಲಿ ಕಂಪನಿಯ ಬಂಗಾಳ ಸೇನೆಯ ಸಿಪಾಯಿಗಳು ಡಂಡಂ, ಅಂಬಾಲ, ಸಿಯಾಲ್‌ಕೋಟ್‌ಗಳಲ್ಲಿ ಕಲಿಯಬೇಕಿದ್ದ ಪಾಠವೂ ಇಂಥದ್ದೇ. ಕೋವಿ 1853ರ ಮಾದರಿಯ ಎನ್‌ಫೀಲ್ಡ್ ರೈಫಲ್, ನಳಿಗೆಯ ಒಳವ್ಯಾಸ 0.577 ಅಂಗುಲ. ಕಾಗದದ ತೋಟಾದೊಳಗೆ ಮದ್ದು, ಗುಂಡು ಎರಡೂ ಇರುತ್ತಿದ್ದವು. ಒಂದು ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದು, ಮದ್ದು ಸುರಿದು, ಜಿಡ್ಡು ಹಚ್ಚಿದ ಇನ್ನೊಂದು ತುದಿಯನ್ನು ನಳಿಗೆಗೆ ತೂರಿಸಿ, ಸಲಾಕೆಯಿಂದ ಅದುಮಬೇಕು. ಕಚ್ಚೋದು ಹಳೆಯ ಅಭ್ಯಾಸವೇ. ಜಿಡ್ಡು ಮಾತ್ರ ಹೊಸದು.

ಅದು ಯಾವ ಪ್ರಾಣಿಯ ಕೊಬ್ಬು? ಹಸುವಿನದೋ, ಹಂದಿಯದೋ? ಜನವರಿಯಲ್ಲಿ ಡಂಡಂನ ಸಿಪಾಯಿಗಳು ಕೇಳಿದ್ದು ಇದನ್ನೇ. ಮೇಣ, ಎಣ್ಣೆ ಬಳಸಬಹುದಲ್ಲ ಅಂತ ದಾರಿಯನ್ನೂ ಅವರೇ ತೋರಿಸಿದರು. ಕೊಬ್ಬಿನ ಮೂಲವನ್ನು ಯಾರೂ ವಿಚಾರಿಸಿರಲಿಲ್ಲ ಅನ್ನೋದು ಆಮೇಲೆ ಹೊರಬಂತು. ತಿಂಗಳ ಕೊನೆಗೆ ಸರ್ಕಾರ, ಜಿಡ್ಡಿಲ್ಲದ ತೋಟಾ ಕೊಡ್ತೀವಿ, ನಿಮಗೆ ಒಪ್ಪುವಂಥದ್ದು ಹಚ್ಚಿಕೊಳ್ಳಿ ಎಂದಿತು. ಮುಂದೆ ಕಚ್ಚುವ ಬದಲು ಕೈಯಿಂದ ಹರಿಯಲೂ ಬಿಟ್ಟಿತು. ಅಷ್ಟರಲ್ಲಿ ಅನುಮಾನ ಜಿಡ್ಡಿನಿಂದ ಕಾಗದಕ್ಕೇ ದಾಟಿತ್ತು: ಇದು ಯಾಕೆ ಹೀಗೆ ಹೊಳೆಯುತ್ತೆ?

ಏಪ್ರಿಲ್ 24ರಂದು ಮೀರತ್‌ನಲ್ಲಿ 3ನೇ ಅಶ್ವದಳದ 90 ಮಂದಿಯಲ್ಲಿ 85 ಜನ ತೋಟಾ ಮುಟ್ಟಲಿಲ್ಲ. ಮೇ 9ರಂದು ಅವರಿಗೆ ಬೇಡಿ ಬಿತ್ತು. ಮರುದಿನವೇ ದಂಗೆ.

1857ಕ್ಕೆ ತೋಟಾ ಒಂದೇ ಕಾರಣ ಅಲ್ಲ. ಹಿಂದಿನ ವರ್ಷವಷ್ಟೇ ಕಂಪನಿ ಅವಧ್ ರಾಜ್ಯವನ್ನು ನುಂಗಿತ್ತು, ಅನೇಕ ಸಿಪಾಯಿಗಳ ಊರು ಅದೇ. ಆದರೂ ಒಂದು ಮಾತು ನೆನಪಿಡಿ. ಮೀರತ್‌ನಲ್ಲಿ ಅವತ್ತು ಕೊಟ್ಟಿದ್ದು ಎನ್‌ಫೀಲ್ಡ್ ತೋಟಾ ಅಲ್ಲ. ಅವರು ವರ್ಷಗಳಿಂದ ಬಳಸುತ್ತಿದ್ದ, ಜಿಡ್ಡಿಲ್ಲದ ಹಳೆಯ ತೋಟಾವೇ. ಆ ಹೊತ್ತಿಗೆ ಅದನ್ನು ಹೇಳಿದರೂ ನಂಬುವವರು ಉಳಿದಿರಲಿಲ್ಲ.