ಸಿಎಎಸ್‌ಆರ್: ಕ್ಯಾಲ್ಸಿಯಂ ಅಳೆಯುವ ವಂಶವಾಹಿ

ಸಿಎಎಸ್‌ಆರ್ ಮಾನವನ 3ನೇ ವರ್ಣತಂತುವಿನಲ್ಲಿರುವ ವಂಶವಾಹಿ. ಇದರ ಸೂಚನೆಯಂತೆ 1,078 ಅಮೈನೊ ಆಮ್ಲಗಳ ಗ್ರಾಹಕ ಪ್ರೋಟೀನ್ ತಯಾರಾಗುತ್ತದೆ. ಜೀವಕೋಶದ ಪೊರೆಯನ್ನು ಏಳು ಬಾರಿ ಹಾಯ್ದಿರುವ ಈ ಗ್ರಾಹಕವು ಹೊರಗಿನ ದ್ರವದಲ್ಲಿರುವ ಕ್ಯಾಲ್ಸಿಯಂ ಪ್ರಮಾಣವನ್ನು ಗ್ರಹಿಸಿ ಒಳಕ್ಕೆ ಸಂಕೇತ ಕಳುಹಿಸುತ್ತದೆ. ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳಲ್ಲಿ ಇದು ಹೇರಳ. ಮಿದುಳಿನ ನರಕೋಶಗಳಲ್ಲಿಯೂ ಉಂಟು.

ಈ ವಂಶವಾಹಿಗೂ ಅಪಸ್ಮಾರಕ್ಕೂ ಇರುವ ನಂಟನ್ನು ಮುಂದಿಟ್ಟದ್ದು ಬೆಂಗಳೂರಿನ ಸಂಶೋಧನೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅನುರಂಜನ್ ಆನಂದ್ ಅವರ ತಂಡವು ನಿಮ್ಹಾನ್ಸ್ ವೈದ್ಯರೊಡನೆ, ಹಲವರಿಗೆ ಅಪಸ್ಮಾರವಿದ್ದ ಕುಟುಂಬವೊಂದನ್ನು ಪರಿಶೀಲಿಸಿ 2008ರಲ್ಲಿ ವರದಿ ಪ್ರಕಟಿಸಿತು. ರೋಗಿಗಳಲ್ಲಿ ಗ್ರಾಹಕದ 898ನೇ ಸ್ಥಾನದಲ್ಲಿ ಅರ್ಜಿನೀನ್ ಬದಲಿಗೆ ಗ್ಲುಟಮಿನ್ ಇತ್ತು. ವ್ಯತ್ಯಾಸ ಇಷ್ಟೇ. ಆದರೂ ಇದನ್ನು ರೋಗದ ಏಕೈಕ ಕಾರಣವೆನ್ನಲಾಗದು. ಅಪಸ್ಮಾರದಲ್ಲಿ ಅನೇಕ ವಂಶವಾಹಿಗಳ ಪಾತ್ರವಿದೆ.

ಹೆಚ್ಚು ಖಚಿತವಾದ ಸಂಗತಿ ಬೇರೊಂದಿದೆ. ಈ ಗ್ರಾಹಕವು ಅತಿಯಾಗಿ ಚುರುಕಾದರೆ ರಕ್ತದ ಕ್ಯಾಲ್ಸಿಯಂ ಕುಸಿಯುತ್ತದೆ. ಅದರಿಂದಲೂ ಸೆಳೆತ ಬರಬಹುದು, ಅದಕ್ಕೆ ಚಿಕಿತ್ಸೆಯೂ ಇದೆ. ಮೂರ್ಛೆ ಬಂದವರ ಕೈಗೆ ಕಬ್ಬಿಣ ಕೊಡುವ, ಮೂಗಿಗೆ ಈರುಳ್ಳಿ ಹಿಡಿಯುವ ರೂಢಿ ನಮ್ಮ ಕಡೆ ಇನ್ನೂ ಅಳಿದಿಲ್ಲ. ಕ್ಯಾಲ್ಸಿಯಂ ಕೊರತೆಯನ್ನು ಪತ್ತೆಹಚ್ಚಲು ಸಾಮಾನ್ಯ ರಕ್ತಪರೀಕ್ಷೆ ಸಾಕು. ಕಾಕತಿಯವರು ಅದಕ್ಕಾಗಿ ಬೆಂಗಳೂರಿನವರೆಗೆ ಹೋಗಬೇಕಿಲ್ಲ, ಬೆಳಗಾವಿಯಲ್ಲಿಯೇ ಆಗುತ್ತದೆ.